ಅಗ್ಗ ಸರಿ, ಆದರೆ ಯಾಕೆ ಅಗ್ಗ? ಬೆಂಗಳೂರಲ್ಲಿ ಟ್ರೆಕ್ಕಿಂಗ್ ಬ್ಯಾಗು, ಶೂ ಕೊಳ್ಳುವವರಿಗೆ

ಮಾರತ್‌ಹಳ್ಳಿಯ ಔಟ್‌ಲೆಟ್ ಒಂದರಲ್ಲಿ 4,999 ರೂಪಾಯಿ ಚೀಟಿ ಇರುವ ಬ್ಯಾಗನ್ನು 2,000ಕ್ಕೆ ಕೊಡುತ್ತಾರೆ ಅಂದುಕೊಳ್ಳಿ. ನೋಡಲು ಅದರ ಹಾಗೇ ಇರುವ ಇನ್ನೊಂದು ಮೆಜೆಸ್ಟಿಕ್‌ನ ಫುಟ್‌ಪಾತ್‌ನಲ್ಲಿ 700 ಅನ್ನುತ್ತಾರೆ, ಸ್ವಲ್ಪ ಚೌಕಾಸಿ ಮಾಡಿದರೆ 500ಕ್ಕೆ ಇಳಿಯುತ್ತದೆ. ಡೆಕಾತ್ಲಾನ್‌ಗೆ ಹೋದರೆ ಯಾವ ಸೇಲ್ ಬೋರ್ಡೂ ಇಲ್ಲದೆ 1,500ಕ್ಕೆ ಒಂದು ಬ್ಯಾಗು ನೇತಾಡುತ್ತಿರುತ್ತದೆ. ಮೂರೂ ಅಗ್ಗವೇ, ಆದರೆ ಮೂರಕ್ಕೂ ಕಾರಣ ಬೇರೆ ಬೇರೆ. ಆ ಕಾರಣ ಏನು ಅಂತ ಹಿಡಿದರೆ ಕೊಳ್ಳಬೇಕೋ ಬೇಡವೋ ಅನ್ನುವುದು ಅರ್ಧ ತೀರ್ಮಾನ ಆದ ಹಾಗೆ.

ಮೊದಲು ಆ 4,999ರ ಕಥೆ. ಎಂಆರ್‌ಪಿ ಎಷ್ಟು ಅಂತ ಅಚ್ಚು ಹಾಕುವುದು ಕಂಪನಿಯೇ. ಅದಕ್ಕಿಂತ ಜಾಸ್ತಿಗೆ ಮಾರಬಾರದು ಅಂತ ಕಾನೂನು ಹೇಳುತ್ತದೆ. ಆದರೆ ಒಂದು ಬ್ಯಾಗಿಗೆ ಎಷ್ಟು ಎಂಆರ್‌ಪಿ ಹಾಕಬೇಕು ಅಂತ ಯಾರೂ ಹೇಳುವುದಿಲ್ಲ. ವರ್ಷವಿಡೀ 60% ಕಡಿತದಲ್ಲೇ ಮಾರುವ ಬ್ಯಾಗಿನ ನಿಜವಾದ ಬೆಲೆ ಆ ಕಡಿತದ ಬೆಲೆಯೇ, ಮೇಲಿನದು ಸುಮ್ನೆ ಕಣ್ಣಿಗೆ. ಅದಕ್ಕೆ ಡಿಸ್ಕೌಂಟ್ ಎಷ್ಟು ಅಂತ ನೋಡುವ ಬದಲು ಅದೇ ಚೀಟಿಯ ಸಣ್ಣ ಅಕ್ಷರ ಓದಿ. 2011ರ ಲೀಗಲ್ ಮೆಟ್ರಾಲಜಿ ನಿಯಮದ ಪ್ರಕಾರ ಪ್ಯಾಕ್ ಮಾಡಿದ ಸರಕಿನ ಮೇಲೆ ತಯಾರಿಸಿದವರ ಅಥವಾ ಆಮದು ಮಾಡಿದವರ ಹೆಸರು, ವಿಳಾಸ, ತಿಂಗಳು, ವರ್ಷ ಇರಬೇಕು. ಆ ತಿಂಗಳು-ವರ್ಷ ನಿಮಗೆ ಸೇಲ್ ಬೋರ್ಡ್‌ಗಿಂತ ಹೆಚ್ಚು ವಿಷಯ ಹೇಳುತ್ತದೆ. ಯಾಕೆ ಅಂತ ಶೂ ಮಾತು ಬಂದಾಗ ಹೇಳುತ್ತೇನೆ.

ಈಗ ಅಗ್ಗದ ಕಾರಣಗಳಿಗೆ ಬರೋಣ. ಎಲ್ಲಕ್ಕಿಂತ ನೇರವಾದದ್ದು ಡೆಕಾತ್ಲಾನ್ ತರಹದ್ದು. ಫ್ರಾನ್ಸಿನ ಈ ಕಂಪನಿ ಭಾರತದಲ್ಲಿ ಮೊದಲ ಅಂಗಡಿ ತೆರೆದದ್ದೇ ನಮ್ಮ ಸರ್ಜಾಪುರ ರಸ್ತೆಯಲ್ಲಿ, 2009ರಲ್ಲಿ. ವಿನ್ಯಾಸ ಅವರದೇ, ಬ್ರ್ಯಾಂಡ್ ಅವರದೇ, ಅಂಗಡಿಯೂ ಅವರದೇ. ನಡುವೆ ಕಮಿಷನ್ ತಿನ್ನುವವರು ಕಡಿಮೆ. ಅಲ್ಲಿನ ಬ್ರ್ಯಾಂಡುಗಳಲ್ಲಿ ಕೇಚುವಾ ಅಂದರೆ ಒಂದು ದಿನದ ನಡಿಗೆಗೆ, ಸಿಮಂಡ್ ಅಂದರೆ ಪರ್ವತಾರೋಹಣಕ್ಕೆ, ಮೊದಲು ಫೋರ್ಕ್ಲಾಜ್ ಹೆಸರಲ್ಲಿ ಬರುತ್ತಿದ್ದ ಕೆಲವು ದಿನಗಳ ಟ್ರೆಕ್‌ನ ಮಾಲೂ ಈಗ ಸಿಮಂಡ್‌ಗೇ ಸೇರಿದೆ. ಸ್ಕಂದಗಿರಿಗೆ ಹೋಗಿ ಬರಲು ಸಿಮಂಡ್ ಯಾಕೆ ಹೇಳಿ. ಒಂದೇ ಬ್ರ್ಯಾಂಡಿನೊಳಗೂ ಮಾಡೆಲ್ ನಂಬರ್ 100, 500, 900 ಅಂತ ಏರುತ್ತದೆ, ಜೊತೆಗೆ ಬೆಲೆಯೂ ಏರುತ್ತದೆ. ವಾರಾಂತ್ಯಕ್ಕೆ ಮಾತ್ರ ಬೆಟ್ಟ ಹತ್ತುವವರಿಗೆ 100 ಅಥವಾ 500ರ ಸಾಲೇ ಧಾರಾಳ ಸಾಕು.

ನನ್ನ ಲೆಕ್ಕದಲ್ಲಿ ಅತಿ ಒಳ್ಳೆಯ ಅಗ್ಗ ಯಾವುದು ಗೊತ್ತಾ? ಹೋದ ವರ್ಷದ ಬಣ್ಣ. ಕಂಪನಿ ಹೊಸ ಬಣ್ಣ ತಂದ ಮೇಲೆ ಹಳೆಯದು ಔಟ್‌ಲೆಟ್ ಸೇರುತ್ತದೆ, ಮಾಲು ಅದೇ, ಹೊಲಿಗೆ ಅದೇ. ನಮ್ಮ ಬೆಂಗಳೂರಿನದೇ ಆದ ವೈಲ್ಡ್‌ಕ್ರಾಫ್ಟ್ ಆಗಲಿ, ಬೇರೆ ಯಾವುದೇ ಆಗಲಿ, ಕಣ್ಣಿಗೆ ಹೊಡೆಯುವ ಗಿಣಿಹಸಿರು, ಕಿತ್ತಳೆ ಬಣ್ಣದವು ಕಪ್ಪು ಬ್ಯಾಗಿಗಿಂತ ತಡವಾಗಿ ಖರ್ಚಾಗುತ್ತವೆ, ಬೇಗ ಬೆಲೆ ಇಳಿಯುತ್ತವೆ. ಮುಳ್ಳಯ್ಯನಗಿರಿಯಲ್ಲಿ ಮಂಜು ಕವಿದಾಗ ಮುಂದೆ ಹೋಗುತ್ತಿರುವವರ ಬೆನ್ನಿನ ಮೇಲೆ ಆ ಗಿಣಿಹಸಿರು ಇದ್ದರೆ ನಿಮಗೇ ಲಾಭ. ಆಫೀಸಿಗೂ ಅದನ್ನೇ ಹಾಕಿಕೊಂಡು ಹೋಗಬೇಕು ಅನ್ನುವವರಿಗೆ ಮಾತ್ರ ಕಷ್ಟ.

ಎಕ್ಸ್‌ಪೋರ್ಟ್ ಸರ್‌ಪ್ಲಸ್ ಬೇರೆ ಜಾತಿಯದು. ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆ ಕಡೆಯ ಗಾರ್ಮೆಂಟ್ಸ್‌ಗಳಲ್ಲಿ ವಿದೇಶಿ ಆರ್ಡರ್‌ಗೆ ಹೊಲಿಯುವಾಗ ಹಾಳಾದರೆ ಇರಲಿ ಅಂತ ಕೆಲವು ಪೀಸ್ ಹೆಚ್ಚು ಹೊಲಿಯುತ್ತಾರೆ. ಉಳಿದದ್ದು, ತಪಾಸಣೆಯಲ್ಲಿ ಬಿದ್ದುಹೋದದ್ದು ಲಾಟ್ ಲೆಕ್ಕದಲ್ಲಿ ಮಾರುಕಟ್ಟೆಗೆ ಬರುತ್ತದೆ, ಕೊರಳಿನ ಲೇಬಲ್ ಅರ್ಧ ಕತ್ತರಿಸಿರುತ್ತಾರೆ. ಕಮರ್ಷಿಯಲ್ ಸ್ಟ್ರೀಟ್ ಸುತ್ತಮುತ್ತ, ಜಯನಗರ ನಾಲ್ಕನೇ ಬ್ಲಾಕ್ ಕಡೆ ಇಂಥ ಮಾಲು ನೋಡಿರುತ್ತೀರಿ. ಬೇಗ ಒಣಗುವ ಟೀ ಶರ್ಟ್, ಫ್ಲೀಸ್ (ಮೆತ್ತನೆಯ ಬೆಚ್ಚನೆ ಮೇಲಂಗಿ), ಪ್ಯಾಂಟ್‌ಗೆ ಇದು ಒಳ್ಳೆಯ ಜಾಗ. ದೋಷ ಎಲ್ಲಿದೆ ಅಂತ ಮಾತ್ರ ಹುಡುಕಬೇಕು. ಎರಡು ತೋಳಿನ ಬಣ್ಣದಲ್ಲಿ ಚೂರು ವ್ಯತ್ಯಾಸ, ಸೈಜ್ ಚೀಟಿ ಅದಲುಬದಲು, ಇಂಥವಾದರೆ ಕಣ್ಣುಮುಚ್ಚಿ ತೆಗೆದುಕೊಳ್ಳಿ. ಕಂಕುಳ ಹತ್ತಿರ ಹೊಲಿಗೆ ಹಾರಿದ್ದರೆ, ಜಿಪ್ ಸೊಟ್ಟಗಿದ್ದರೆ ಬೇಡ. ಇಲ್ಲಿ ಒಂದು ಮಾತು. ಇವು ಹೆಚ್ಚಾಗಿ ಬಟ್ಟೆ ಹೊಲಿಯುವ ಫ್ಯಾಕ್ಟರಿಗಳು. ಯಾರಾದರೂ ದೊಡ್ಡ ಟ್ರೆಕ್ಕಿಂಗ್ ಬ್ಯಾಗನ್ನು ಮುಂದಿಟ್ಟು "ಎಕ್ಸ್‌ಪೋರ್ಟ್ ಮಾಲು ಸಾರ್" ಅಂದರೆ ಸ್ವಲ್ಪ ಅನುಮಾನ ಇಟ್ಟುಕೊಳ್ಳುವುದು ಒಳ್ಳೆಯದು.

ಅನುಮಾನ ಅಂದೆನಲ್ಲ, ಅದರ ಹೆಸರು ಫಸ್ಟ್ ಕಾಪಿ, ಅಂದರೆ ಬ್ರ್ಯಾಂಡ್ ಮಾಲಿನ ನಕಲು. ನ್ಯಾಷನಲ್ ಮಾರ್ಕೆಟ್‌ನ ಸಾಲಿನಲ್ಲಿ, ಚಿಕ್ಕಪೇಟೆ ಹತ್ತಿರದ ಸಂಡೇ ಬಜಾರ್‌ನಲ್ಲಿ ದೊಡ್ಡ ದೊಡ್ಡ ಬ್ರ್ಯಾಂಡಿನ ಲೋಗೋ ಇರುವ ಬ್ಯಾಗುಗಳು ರಾಶಿ ಬಿದ್ದಿರುತ್ತವೆ. ಕಾಲೇಜಿಗೆ ಎರಡು ನೋಟ್‌ಬುಕ್ ಒಯ್ಯಲು ಅದರಲ್ಲಿ ಒಂದು ಸಾಕು, ನಾನೇನೂ ಬೇಡ ಅನ್ನುವುದಿಲ್ಲ. ಕುಮಾರ ಪರ್ವತದ ಅರ್ಧ ದಾರಿಯಲ್ಲಿ ಹೆಗಲ ಪಟ್ಟಿ ಕಿತ್ತು ಕೈಗೆ ಬಂದರೆ ಮಾತ್ರ ಅಲ್ಲಿ ಯಾವ ಚಮ್ಮಾರರ ಅಂಗಡಿಯೂ ಇಲ್ಲ.

ಬ್ಯಾಗನ್ನು ಒಳಗಡೆಯಿಂದ ನೋಡಿ

ಲೋಗೋ ನಕಲು ಮಾಡುವುದು ಸುಲಭ. ಹೊಲಿಗೆಗೆ ಟೈಮು, ದಾರ, ಕೂಲಿ ಎಲ್ಲ ಬೇಕು, ಅಲ್ಲೇ ಉಳಿಸುತ್ತಾರೆ. ಅದಕ್ಕೆ ಬ್ಯಾಗನ್ನು ಕೈಗೆತ್ತಿಕೊಂಡ ಕೂಡಲೇ ಎಲ್ಲ ಜಿಪ್ ತೆಗೆದು ಒಳಗಡೆ ಮೊಬೈಲ್ ಟಾರ್ಚ್ ಹಾಕಿ. ಬಟ್ಟೆಯ ಎರಡು ತುಂಡು ಸೇರುವ ಕಡೆ ಅಂಚಿನ ಮೇಲೆ ಒಂದು ಪಟ್ಟಿ ಮಡಚಿ ಹೊಲಿದಿರಬೇಕು. ಹಸಿ ಅಂಚು ಹಾಗೇ ಬಿಟ್ಟಿದ್ದರೆ, ಎಳೆಗಳು ಹೊರಗೆ ಇಣುಕುತ್ತಿದ್ದರೆ ಆ ಬ್ಯಾಗು ನಿಧಾನಕ್ಕೆ ಬಿಚ್ಚಿಕೊಳ್ಳುತ್ತದೆ. ಆಮೇಲೆ ಹೆಗಲ ಪಟ್ಟಿ ಬೆನ್ನಿಗೆ ಸೇರುವ ಜಾಗ ನೋಡಿ. ಅಲ್ಲಿ ಒಂದೇ ಸಾಲು ಹೊಲಿಗೆ ಇದ್ದರೆ ಸಾಲದು. ಒಂದರ ಪಕ್ಕ ಒಂದು ಒತ್ತೊತ್ತಾಗಿ, ಅಂಕುಡೊಂಕಾಗಿ ಹೊಡೆದ ಗಟ್ಟಿ ಹೊಲಿಗೆಯ ಸಣ್ಣ ಗೀಟುಗಳು ಕಾಣಬೇಕು. ಅದಕ್ಕೆ ಬಾರ್‌ಟ್ಯಾಕ್ ಅನ್ನುತ್ತಾರೆ, ಜೀನ್ಸ್ ಜೇಬಿನ ತುದಿಯಲ್ಲಿ ಇರುತ್ತದಲ್ಲ, ಅದೇ. ಕೆಳಗಡೆ ಪಟ್ಟಿ ಬ್ಯಾಗಿನ ಬುಡಕ್ಕೆ ಸೇರುವ ಕಡೆ ಒಂದು ತ್ರಿಕೋನ ಬಟ್ಟೆ ಕೊಟ್ಟು ಹೊಲಿದಿದ್ದರೆ ಇನ್ನೂ ವಾಸಿ, ಎಳೆತ ಅಗಲಕ್ಕೆ ಹಂಚಿಹೋಗುತ್ತದೆ. ಎರಡೂ ಕೈಯಲ್ಲಿ ಹಿಡಿದು ಜಗ್ಗಿ ನೋಡಿ, ಅಂಗಡಿಯವರು ಮುಖ ಸಿಂಡರಿಸಿದರೆ ಸಿಂಡರಿಸಲಿ.

ಜಿಪ್ ಎರಡನೆಯ ಪರೀಕ್ಷೆ. ಜಿಪ್ ಎಳೆದಾಗ ಹಲ್ಲಿನ ಮೇಲೆ ಓಡುವ ರನ್ನರ್‌ನ ಹಿಂಭಾಗದಲ್ಲಿ 3, 5, 8, 10 ಅಂತ ಒಂದು ನಂಬರ್ ಇರುವುದುಂಟು. ಮುಚ್ಚಿದ ಜಿಪ್ಪಿನ ಹಲ್ಲುಗಳ ಅಗಲ ಹೆಚ್ಚುಕಡಿಮೆ ಅಷ್ಟು ಮಿಲಿಮೀಟರ್ ಅಂತ ಇಟ್ಟುಕೊಳ್ಳಬಹುದು. ಸಣ್ಣ ಜೇಬಿಗೆ 3 ನಡೆಯುತ್ತದೆ, ದಿನದ ಬ್ಯಾಗಿಗೆ 5 ಪರವಾಗಿಲ್ಲ, ಒತ್ತಿ ಒತ್ತಿ ತುಂಬುವ ದೊಡ್ಡ ಬ್ಯಾಗಿನ ಮುಖ್ಯ ಬಾಯಿಗೆ 8 ಅಥವಾ 10 ಇದ್ದರೆ ನೆಮ್ಮದಿ. ವೈಕೆಕೆ ಅಂತ ಅಕ್ಷರ ಇದ್ದರೆ ಅದು 1934ರಲ್ಲಿ ಶುರುವಾದ ಜಪಾನಿನ ಜಿಪ್ ಕಂಪನಿ, ಒಳ್ಳೆಯ ಬ್ಯಾಗುಗಳಲ್ಲಿ ಅದು ಜಾಸ್ತಿ. ಆದರೆ ಆ ಮೂರು ಅಕ್ಷರವನ್ನೂ ನಕಲು ಮಾಡುತ್ತಾರೆ. ಮೂಲೆಯ ತಿರುವಿನಲ್ಲಿ ಒಂದೇ ಕೈಯಲ್ಲಿ ಎಳೆದಾಗ ರನ್ನರ್ ತಡವರಿಸದೆ ಹೋಗುತ್ತಾ ಅನ್ನುವುದೇ ಅಕ್ಷರಕ್ಕಿಂತ ನಂಬಿಕಸ್ತ ಸಾಕ್ಷಿ.

ಬಟ್ಟೆಯ ವಿಷಯದಲ್ಲಿ ಡೆನಿಯರ್ ಅನ್ನುವ ಪದ ಬರುತ್ತದೆ, 210ಡಿ, 420ಡಿ, 600ಡಿ ಅಂತ. 9,000 ಮೀಟರ್ ಎಳೆ ತೂಗಿದರೆ ಎಷ್ಟು ಗ್ರಾಂ ಬರುತ್ತದೋ ಅದೇ ಡೆನಿಯರ್. ನಂಬರ್ ಜಾಸ್ತಿ ಇದ್ದರೆ ಎಳೆ ದಪ್ಪ, ಅಷ್ಟೇ. ದಪ್ಪ ಇದ್ದ ಮಾತ್ರಕ್ಕೆ ಗಟ್ಟಿ ಅನ್ನುವ ಹಾಗಿಲ್ಲ. ಒಂದೇ ಡೆನಿಯರ್‌ನಲ್ಲಿ ನೈಲಾನ್ ಉಜ್ಜಾಟವನ್ನು ಪಾಲಿಯೆಸ್ಟರ್‌ಗಿಂತ ಚೆನ್ನಾಗಿ ತಡೆಯುತ್ತದೆ, ಪಾಲಿಯೆಸ್ಟರ್ ಬಿಸಿಲನ್ನು ಚೆನ್ನಾಗಿ ತಡೆಯುತ್ತದೆ. ಬಟ್ಟೆಯ ಮೇಲೆ ಸಣ್ಣ ಸಣ್ಣ ಚೌಕ ಕಂಡರೆ ಅದು ರಿಪ್‌ಸ್ಟಾಪ್. ನಡುನಡುವೆ ದಪ್ಪ ಎಳೆ ಸೇರಿಸಿ ನೇಯ್ದಿರುವುದರಿಂದ ಮುಳ್ಳು ತಾಗಿ ಹರಿದರೂ ಹರಕು ಮುಂದಕ್ಕೆ ಓಡುವುದಿಲ್ಲ. ಬಂಡೆಗೆ ಒರಗಿಸುವ ಬುಡದ ಭಾಗ ಮಾತ್ರ ದಪ್ಪ ಇದ್ದು ಮೇಲ್ಭಾಗ ತೆಳ್ಳಗೆ ಇದ್ದರೆ ಯಾರೋ ಯೋಚನೆ ಮಾಡಿ ಮಾಡಿದ್ದಾರೆ ಅಂತ ಅರ್ಥ. ಒಳಗಡೆ ನೀರು ತಡೆಯಲು ಪಿಯು, ಅಂದರೆ ಪಾಲಿಯುರೆಥೇನ್ ಅನ್ನುವ ಪ್ಲಾಸ್ಟಿಕ್‌ನ ಲೇಪ ಇರುತ್ತದೆ. ಅದನ್ನು ಬೆರಳಲ್ಲಿ ಉಜ್ಜಿ. ಅಂಟಂಟಾಗಿದ್ದರೆ, ಬಿಳಿ ಪುಡಿ ಉದುರಿದರೆ ಬ್ಯಾಗು ಗೋಡೌನ್‌ನಲ್ಲಿ ತೇವಕ್ಕೆ ಕೂತು ವರ್ಷಗಳಾಗಿವೆ.

ಇಷ್ಟೆಲ್ಲ ಪಾಸಾದರೂ ನಿಮ್ಮ ಬೆನ್ನಿಗೆ ಕೂರದಿದ್ದರೆ ಏನು ಬಂತು? 40 ಲೀಟರ್ ದಾಟಿದ ಬ್ಯಾಗಿನಲ್ಲಿ ಭಾರದ ಬಹುಪಾಲು ಸೊಂಟದ ಮೇಲೆ ಇಳಿಯಬೇಕು, ಹೆಗಲು ಸುಮ್ನೆ ಬ್ಯಾಗು ಹಿಂದಕ್ಕೆ ವಾಲದ ಹಾಗೆ ಹಿಡಿದುಕೊಳ್ಳಬೇಕು. ಇದಕ್ಕೆ ನೋಡಬೇಕಾದದ್ದು ನಿಮ್ಮ ಎತ್ತರವನ್ನಲ್ಲ, ಬೆನ್ನಿನ ಉದ್ದವನ್ನು. ತಲೆ ಬಗ್ಗಿಸಿದಾಗ ಕತ್ತಿನ ಬುಡದಲ್ಲಿ ಉಬ್ಬುವ ಮೂಳೆಯಿಂದ ಸೊಂಟದ ಮೂಳೆಯ ಮೇಲಂಚಿನ ಮಟ್ಟದವರೆಗೆ ಟೇಪ್ ಹಿಡಿಸಿ ನೋಡಿ. ಆರಡಿ ಇರುವವರ ಬೆನ್ನು ಗಿಡ್ಡ ಇರಬಹುದು, ಐದೂಕಾಲು ಅಡಿಯವರದು ಉದ್ದ ಇರಬಹುದು.

ಅಂಗಡಿಯಲ್ಲಿ ಖಾಲಿ ಬ್ಯಾಗು ಹಾಕಿ ಕನ್ನಡಿ ನೋಡಿಕೊಂಡರೆ ಎಲ್ಲ ಬ್ಯಾಗೂ ಚೆನ್ನಾಗೇ ಕಾಣುತ್ತದೆ. ದೊಡ್ಡ ಕ್ರೀಡಾ ಅಂಗಡಿಗಳಲ್ಲಿ ಪಕ್ಕದ ಸಾಲಿನಲ್ಲೇ ಡಂಬೆಲ್ ಇರುತ್ತದೆ. ಹುಡುಗರನ್ನು ಕೇಳಿ ಏಳೆಂಟು ಕೆಜಿ ತುಂಬಿ, ಸುತ್ತ ಜಾಕೆಟ್ ತುರುಕಿ ಅಲ್ಲಾಡದ ಹಾಗೆ ಮಾಡಿ. ಎಲ್ಲ ಪಟ್ಟಿ ಸಡಿಲ ಬಿಟ್ಟು ಬ್ಯಾಗು ಏರಿಸಿ, ಮೊದಲು ಸೊಂಟದ ಪಟ್ಟಿ ಮೂಳೆಯ ಮೇಲೆ ಬಿಗಿ ಮಾಡಿ, ಆಮೇಲೆ ಹೆಗಲದ್ದು, ಕೊನೆಗೆ ಎದೆಯದ್ದು. ಕಾಲು ಗಂಟೆ ಅಂಗಡಿಯೊಳಗೇ ಸುತ್ತಿ, ಮೆಟ್ಟಿಲಿದ್ದರೆ ಹತ್ತಿ ಇಳಿಯಿರಿ. ಹೆಗಲ ಪಟ್ಟಿಯ ಮೇಲ್ಭಾಗ ಮತ್ತು ನಿಮ್ಮ ಹೆಗಲಿನ ನಡುವೆ ಕೈ ತೂರುವಷ್ಟು ಸಂದಿ ಬಿಟ್ಟರೆ ಬ್ಯಾಗು ನಿಮಗೆ ಉದ್ದ ಆಯಿತು, ಸೊಂಟದ ಪಟ್ಟಿ ಹೊಟ್ಟೆಯ ಮೇಲೆ ಕೂತರೆ ಗಿಡ್ಡ ಆಯಿತು.

ಎಷ್ಟು ಲೀಟರ್ ಬೇಕು? ಸಾವನದುರ್ಗ, ಅಂತರಗಂಗೆ, ಮಾಕಳಿದುರ್ಗಕ್ಕೆ 20 ಸಾಕು. ಒಂದು ರಾತ್ರಿ ತಂಗುವುದಾದರೆ 30ರಿಂದ 40. 60 ಲೀಟರ್ ಕೊಂಡರೆ ಖಾಲಿ ಇದೆಯಲ್ಲ ಅಂತ ಬೇಡದ್ದೆಲ್ಲ ತುಂಬುತ್ತೀರಿ. 40ರೊಳಗೆ ಇದ್ದರೆ ಇನ್ನೊಂದು ಉಪಯೋಗವೂ ಇದೆ. ದೇಶದೊಳಗಿನ ವಿಮಾನಗಳಲ್ಲಿ ಸಾಮಾನ್ಯವಾಗಿ 55×35×25 ಸೆಂ.ಮೀ. ಅಳತೆ, 7 ಕೆಜಿ ತೂಕದವರೆಗೆ ಕೈಯಲ್ಲೇ ಒಯ್ಯಬಹುದು. ಡೆಹರಾಡೂನ್‌ಗೆ ಹೊರಟಾಗ ಬ್ಯಾಗಿಗೆ ಕಾಯುವ ತಾಪತ್ರಯ ಇಲ್ಲ.

ಶೂ ಮಾತ್ರ ಹಳೆಯದು ಬೇಡ

ಬ್ಯಾಗಿಗೆ ಹೋದ ವರ್ಷದ ಮಾಲು ಒಳ್ಳೆಯದು ಅಂದೆ. ಶೂಗೂ ಹೋದ ವರ್ಷದ್ದು ನಡೆಯುತ್ತದೆ, ಆದರೆ ನಾಲ್ಕೈದು ವರ್ಷ ಹಿಂದಿನದು ಬೇಡವೇ ಬೇಡ. ಕಾರಣ ಇದು. ಅನೇಕ ಟ್ರೆಕ್ಕಿಂಗ್ ಶೂಗಳ ಮಿಡ್‌ಸೋಲ್, ಅಂದರೆ ಮೇಲಿನ ಶೂಗೂ ಕೆಳಗಿನ ರಬ್ಬರ್‌ಗೂ ನಡುವಿನ ಮೆತ್ತನೆಯ ಪದರ, ಪಾಲಿಯುರೆಥೇನ್‌ನದು. ಗಾಳಿಯ ತೇವ ಅದರೊಳಗೆ ಸೇರಿ ನಿಧಾನಕ್ಕೆ ಅದರ ರಾಸಾಯನಿಕ ಕೊಂಡಿಗಳನ್ನೇ ಕಡಿದುಹಾಕುತ್ತದೆ. ಇದಕ್ಕೆ ನೀವು ನಡೆಯಲೇಬೇಕು ಅಂತಿಲ್ಲ, ಡಬ್ಬಿಯಲ್ಲಿ ಸುಮ್ನೆ ಇಟ್ಟರೂ ಆಗುತ್ತದೆ. ನಿಜ ಹೇಳಬೇಕೆಂದರೆ ಮುಚ್ಚಿದ ಡಬ್ಬಿಯಲ್ಲಿ ತೇವ ಕಟ್ಟಿಕೊಂಡರೆ ಇನ್ನೂ ಬೇಗ. ಹೊರಗಿಂದ ಹೊಚ್ಚಹೊಸದು, ಬೆಟ್ಟದ ಮೇಲೆ ಒಂದು ಗಂಟೆ ನಡೆದ ಮೇಲೆ ಅಟ್ಟೆ ಬಾಯಿ ಬಿಟ್ಟು ಪುಡಿಪುಡಿ. ಎಂಥ ದುಬಾರಿ ಬ್ರ್ಯಾಂಡ್ ಆದರೂ ಇದು ತಪ್ಪಿದ್ದಲ್ಲ.

ಅದಕ್ಕೇ ಆ ತಿಂಗಳು-ವರ್ಷ ನೋಡಿ ಅಂದದ್ದು. ಡಬ್ಬಿಯ ಮೇಲೆ ಇರುತ್ತದೆ, ಶೂ ನಾಲಿಗೆಯ ಒಳಗಡೆಯ ಚೀಟಿಯಲ್ಲೂ ಹಲವು ಕಂಪನಿಗಳು ಹಾಕುತ್ತವೆ. ಡಬ್ಬಿಯ ಮೇಲೆ ಹೊಸ ಚೀಟಿ ಅಂಟಿಸಿದ್ದರೆ ಕೆಳಗೆ ಹಳೆಯದು ಇದೆಯಾ ನೋಡಿ. ಆಮೇಲೆ ಮಿಡ್‌ಸೋಲ್ ಮೇಲೆ ಹೆಬ್ಬೆರಳ ಉಗುರು ಒತ್ತಿ. ಒತ್ತಿದ ಗುರುತು ಹಿಂದಕ್ಕೆ ಬರಬೇಕು. ಗುರುತು ಹಾಗೇ ಉಳಿದರೆ, ಶೂ ಬಗ್ಗಿಸಿದಾಗ ಪಕ್ಕದಲ್ಲಿ ಕೂದಲೆಳೆಯ ಬಿರುಕು ಕಂಡರೆ 80% ಕಡಿತ ಕೊಟ್ಟರೂ ಕೆಳಗಿಡಿ. ಇವಿಎ ಅನ್ನುವ ಇನ್ನೊಂದು ಬಗೆಯ ಮಿಡ್‌ಸೋಲ್‌ಗೆ ಈ ಕಾಯಿಲೆ ಇಲ್ಲ. ಅದು ಬಳಸಿದಂತೆ ಚಪ್ಪಟೆಯಾಗುತ್ತದೆ, ಆದರೆ ಪುಡಿಯಾಗುವುದಿಲ್ಲ. ನಮ್ಮ ಬೆಟ್ಟಗಳಿಗೆ ಇವಿಎ ಇರುವ ಹಗುರ ಶೂ ಸಾಕು ಅನ್ನುವುದು ನನ್ನ ಅಭಿಪ್ರಾಯ.

ಶೂ ಕೊಳ್ಳಲು ಸಂಜೆ ಹೋಗಿ, ಅಷ್ಟೊತ್ತಿಗೆ ಪಾದ ಸ್ವಲ್ಪ ಊದಿರುತ್ತದೆ. ಟ್ರೆಕ್ಕಿಗೆ ಹಾಕುವ ಸಾಕ್ಸ್ ಜೊತೆಗೇ ಒಯ್ಯಿರಿ. ಲೇಸ್ ಬಿಗಿದು ಇಳಿಜಾರಿನಲ್ಲಿ ನಿಂತಾಗ ಬೆರಳ ತುದಿ ಮುಂದಕ್ಕೆ ತಾಗಬಾರದು. ತಾಗಿದರೆ ಕುದುರೆಮುಖ ಇಳಿದು ಬರುವಷ್ಟರಲ್ಲಿ ಉಗುರು ಕಪ್ಪು.

ಮಳೆಗೆ ಎಷ್ಟು ಖರ್ಚು ಮಾಡಬೇಕು

ಮಳೆ ಜಾಕೆಟ್ ಮೇಲೆ 2,000 ಮಿ.ಮೀ., 5,000, 10,000 ಅಂತ ಬರೆದಿರುತ್ತದೆ. ಬಟ್ಟೆಯ ಮೇಲೆ ಅಷ್ಟು ಎತ್ತರದ ನೀರಿನ ಕಂಬ ನಿಲ್ಲಿಸಿದರೂ ಸೋರುವುದಿಲ್ಲ ಅಂತ ಅರ್ಥ. ನಂಬರ್ ಎಷ್ಟೇ ದೊಡ್ಡದಿದ್ದರೂ ಹೊಲಿಗೆಯ ಮೇಲೆ ಒಳಗಡೆಯಿಂದ ಟೇಪ್ ಅಂಟಿಸಿಲ್ಲ ಅಂದರೆ ಸೂಜಿ ತೂತಿನಿಂದ ನೀರು ಬರುತ್ತದೆ. ಇನ್ನು ಜುಲೈ ತಿಂಗಳಲ್ಲಿ ಆಗುಂಬೆ ಕಡೆ ಹತ್ತುವಾಗ ಎಷ್ಟು ದುಬಾರಿ ಜಾಕೆಟ್ ಹಾಕಿದರೂ ಬೆವರಿಗೆ ಒಳಗಡೆ ಒದ್ದೆ ಆಗುವುದು ಖಾತ್ರಿ. ಅದಕ್ಕೆ ಬ್ಯಾಗಿನ ಮೇಲೂ ಹೊದೆಯುವಷ್ಟು ಉದ್ದದ ಪಾಂಚೋ (ತಲೆಯ ಮೇಲಿಂದ ಹಾಕಿಕೊಳ್ಳುವ ಸಡಿಲ ಮಳೆ ಹೊದಿಕೆ) ಸಾಕು, ಕೆಳಗಡೆಯಿಂದ ಗಾಳಿ ಆಡುತ್ತದೆ. ಮಲೆನಾಡಿನವರು ಬಿದಿರು, ಎಲೆಯಲ್ಲಿ ಹೆಣೆದ ಗೊರಬು ಹೊದ್ದು ಗದ್ದೆ ಕೆಲಸ ಮಾಡುತ್ತಿದ್ದದ್ದೂ ಇದೇ ಲೆಕ್ಕದಲ್ಲಿ ತಾನೆ? ಗಾಳಿ ಜೋರಿರುವ ಬೋಳು ಗುಡ್ಡದ ಮೇಲೆ ಮಾತ್ರ ಪಾಂಚೋ ಹಾರಾಡಿ ಕಾಟ ಕೊಡುತ್ತದೆ, ಅಲ್ಲಿ ಜಾಕೆಟ್ ವಾಸಿ.

ಬ್ಯಾಗಿನ ರೈನ್ ಕವರ್ ಬೆನ್ನಿನ ಕಡೆಯಿಂದ ಇಳಿಯುವ ನೀರನ್ನು ತಡೆಯುವುದಿಲ್ಲ. ಬ್ಯಾಗಿನೊಳಗೆ ಒಂದು ದಪ್ಪ ದೊಡ್ಡ ಪ್ಲಾಸ್ಟಿಕ್ ಚೀಲ ಇಟ್ಟು, ಅದರೊಳಗೆ ಬಟ್ಟೆಬರೆ ತುಂಬಿ ಬಾಯಿ ತಿರುಚಿ ಕಟ್ಟಿ. ಕೆ.ಆರ್. ಮಾರ್ಕೆಟ್ ಸುತ್ತ ಪ್ಲಾಸ್ಟಿಕ್ ಸಾಮಾನಿನ ಅಂಗಡಿಯಲ್ಲಿ ಚಿಲ್ಲರೆ ಕಾಸಿಗೆ ಸಿಗುತ್ತದೆ. ಇಂಬಳಕ್ಕೆ ಮಾತ್ರ ಒತ್ತಾದ ನೇಯ್ಗೆಯ, ಮೊಣಕಾಲಿನವರೆಗೆ ಬರುವ ಲೀಚ್ ಸಾಕ್ಸ್ ಕೊಳ್ಳಿ, ಇಲ್ಲಿ ಉಳಿತಾಯ ಮಾಡಬೇಡಿ.

ಸ್ಲೀಪಿಂಗ್ ಬ್ಯಾಗಿನ ಪ್ಯಾಕ್ ಮೇಲೆ ದೊಡ್ಡದಾಗಿ 0 ಡಿಗ್ರಿ ಅಂತ ಇದ್ದರೆ ಅದು ಕಂಫರ್ಟೋ, ಲಿಮಿಟ್ಟೋ, ಎಕ್ಸ್‌ಟ್ರೀಮೋ ನೋಡಿ. ಕಂಫರ್ಟ್ ಅಂದರೆ ಅಷ್ಟು ಚಳಿಯಲ್ಲಿ ನಿದ್ದೆ ಬರುತ್ತದೆ. ಲಿಮಿಟ್ ಅಂದರೆ ಮುದುರಿಕೊಂಡು ಹೇಗೋ ರಾತ್ರಿ ಕಳೆಯಬಹುದು. ಎಕ್ಸ್‌ಟ್ರೀಮ್ ಅಂದರೆ ಜೀವ ಉಳಿದರೆ ಪುಣ್ಯ.

ಯಾವಾಗ, ಯಾರಿಂದ

ಜೂನ್ ಮೊದಲ ಮಳೆಗೆ ಓಡಿಹೋಗಿ ಪಾಂಚೋ ಕೊಳ್ಳುವವರಿಗೆ ಯಾರೂ ಬೆಲೆ ಇಳಿಸುವುದಿಲ್ಲ. ಮಳೆ ಸಾಮಾನನ್ನು ದೀಪಾವಳಿ ಹೊತ್ತಿಗೆ, ಫ್ಲೀಸು, ದಪ್ಪ ಜಾಕೆಟ್ಟನ್ನು ಶಿವರಾತ್ರಿ ಕಳೆದ ಮೇಲೆ ನೋಡಿ. ತೆರಿಗೆಯದೂ ಒಂದು ಲೆಕ್ಕ ಇದೆ. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ಬಟ್ಟೆ ಮತ್ತು ಶೂಗೆ ಜಿಎಸ್‌ಟಿ 5%, ಅದನ್ನು ದಾಟಿದರೆ 18%. ಆ ಗೆರೆಯ ಆಚೆಈಚೆ ಇರುವ ಎರಡು ಜಾಕೆಟ್ ನಡುವೆ ಯೋಚಿಸುತ್ತಿದ್ದರೆ ಬೆಲೆಯ ವ್ಯತ್ಯಾಸದಲ್ಲಿ ಒಂದಿಷ್ಟು ಬರೀ ತೆರಿಗೆಯೇ ಇರುತ್ತದೆ.

ಬೆಂಗಳೂರಲ್ಲಿ ಇರುವ ಒಂದು ಅನುಕೂಲ ಹೇಳುತ್ತೇನೆ. ಹಿಮಾಲಯದ ಒಂದೇ ಒಂದು ಟ್ರೆಕ್‌ಗೆ ಅಂತ ಪೂರ್ತಿ ಸೆಟ್ ಕೊಂಡು, ಹೋಗಿ ಬಂದು, ಫೋಟೋ ಹಾಕಿ, ಆಮೇಲೆ ಎಲ್ಲವನ್ನೂ ಅಟ್ಟಕ್ಕೆ ಹಾಕುವ ಐಟಿ ಜನ ಇಲ್ಲಿ ಬೇಕಾದಷ್ಟಿದ್ದಾರೆ. ಬೇಸಿಗೆಯ ಟ್ರೆಕ್ ಸೀಸನ್ ಮುಗಿದ ಜೂನ್ ಕೊನೆಯಲ್ಲಿ, ಮತ್ತೆ ಅಕ್ಟೋಬರ್ ಆದ ಮೇಲೆ ಅಪಾರ್ಟ್‌ಮೆಂಟ್ ವಾಟ್ಸ್‌ಆ್ಯಪ್ ಗ್ರೂಪ್‌ಗಳಲ್ಲಿ, ಓಎಲ್‌ಎಕ್ಸ್‌ನಲ್ಲಿ ಒಂದೇ ಸಲ ಬಳಸಿದ ಬ್ಯಾಗು, ಟ್ರೆಕ್ಕಿಂಗ್ ಕೋಲು, ಡೌನ್ ಜಾಕೆಟ್ (ಹಕ್ಕಿಯ ಮೆತ್ತನೆ ಪುಕ್ಕ ತುಂಬಿದ್ದು) ಕಣ್ಣಿಗೆ ಬೀಳುತ್ತವೆ. ಮನೆಗೇ ಹೋಗಿ, ಕೈಯಲ್ಲಿ ಹಿಡಿದು ನೋಡಿ ದುಡ್ಡು ಕೊಡಿ. ನೋಡುವ ಮುಂಚೆ ಮುಂಗಡ ಕೇಳಿದರೆ, ಆರ್ಮಿಯವನು, ವರ್ಗ ಆಗಿದೆ, ಅರ್ಜೆಂಟು ಅಂತ ಕಥೆ ಹೇಳಿದರೆ ಅಲ್ಲಿಗೇ ಬಿಡಿ. ಬಂಡೆ ಹತ್ತುವ ಹಗ್ಗ, ಹಾರ್ನೆಸ್ (ಹಗ್ಗಕ್ಕೆ ಸಿಕ್ಕಿಸಲು ಸೊಂಟಕ್ಕೆ ಕಟ್ಟುವ ಪಟ್ಟಿ), ಹೆಲ್ಮೆಟ್ ಇವುಗಳನ್ನು ಮಾತ್ರ ಯಾರು ಕೊಟ್ಟರೂ ಸೆಕೆಂಡ್ ಹ್ಯಾಂಡ್ ಬೇಡ, ಬಿಟ್ಟಿ ಕೊಟ್ಟರೂ ಬೇಡ. ಅವುಗಳ ಒಳಗೆ ಏನಾಗಿದೆ ಅಂತ ಹೊರಗಿಂದ ಗೊತ್ತಾಗುವುದಿಲ್ಲ. ನೀವೂ ಆ ಒಂದೇ ಟ್ರೆಕ್‌ನವರಾದರೆ ಕೊಳ್ಳುವುದೇ ಯಾಕೆ, ದಪ್ಪ ಜಾಕೆಟ್, ಕೋಲು, ದೊಡ್ಡ ಬ್ಯಾಗು ಬಾಡಿಗೆಗೆ ಸಿಗುತ್ತವೆ.

ಕೊಂಡ ಮೇಲೆ ಬಿಲ್ ಫೋಟೋ ತೆಗೆದಿಟ್ಟುಕೊಳ್ಳಿ. ಬ್ಯಾಗಿಗೆ ಕಂಪನಿಗಳು ವರ್ಷಗಟ್ಟಲೆ ವಾರಂಟಿ ಕೊಡುತ್ತವೆ, ಬಿಲ್ ಇಲ್ಲದಿದ್ದರೆ ಅದು ಬರೀ ಕಾಗದ. ವಾರಂಟಿ ಮುಗಿದ ಮೇಲೂ ಎಸೆಯುವ ಅವಸರ ಬೇಡ. ಜಿಪ್ ಹಾಕಿದ ಮೇಲೆ ಹಿಂದಿನಿಂದ ಬಾಯಿ ಬಿಡುತ್ತಿದ್ದರೆ ಹೆಚ್ಚಿನ ಸಲ ಹಲ್ಲು ಸರಿಯಾಗೇ ಇರುತ್ತದೆ, ಸವೆದಿರುವುದು ರನ್ನರ್. ಅದರ ಎರಡು ಪಕ್ಕವನ್ನು ಇಕ್ಕಳದಲ್ಲಿ ಮೆಲ್ಲಗೆ ಒತ್ತಿದರೆ ಕೆಲವು ತಿಂಗಳು ನಡೆಯುತ್ತದೆ. ಆಮೇಲೆ ಏರಿಯಾದಲ್ಲಿ ಬ್ಯಾಗ್ ರಿಪೇರಿ ಮಾಡುವವರ ಹತ್ತಿರ ಹೋಗಿ ರನ್ನರ್ ಮಾತ್ರ ಬದಲಿಸಿ ಅನ್ನಿ, ಪೂರ್ತಿ ಜಿಪ್ ಹಾಕಿಸಬೇಕು ಅಂದರೆ ಒಪ್ಪಬೇಡಿ. ಹಳೆಯ ರನ್ನರ್ ಕಿತ್ತು ಬಿಸಾಡಿ ಹೋಗಬೇಡಿ. ಅದರ ಹಿಂದಿನ ನಂಬರ್ ನೋಡಿಯೇ ಅವರು ಹೊಸದು ಹುಡುಕುವುದು, 5ರ ಜಿಪ್ಪಿಗೆ 8ರ ರನ್ನರ್ ಕೂರುವುದಿಲ್ಲ.